ಹತ್ತು ವರ್ಷ ಶಾಲೆ ಕಲಿತರೂ ಓದು ಏಕೆ ಬರುವುದಿಲ್ಲ?



ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಓದಲು ಬರುವುದಿಲ್ಲ ಎಂದರೆ ಹೊರಗಿನವರು ನಗಬಹುದು. ಕನ್ನಡ ಪಾಠ ಮಾಡುವ ನನಗೆ ನಗು ಬರುವುದಿಲ್ಲ. ಪ್ರತಿ ವರ್ಷ ಗದ್ಯಭಾಗವನ್ನು ಗಟ್ಟಿಯಾಗಿ ಓದಿಸುವಾಗ ಒಬ್ಬಿಬ್ಬರು "ಗಂಟಲು ಕೆಟ್ಟೈತ್ರಿ ಸರ್" ಎನ್ನುತ್ತಾರೆ. ಕೆಟ್ಟಿರುವುದು ಗಂಟಲಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಇದು ನಮ್ಮ ಕಾಲೇಜಿನ ಮಾತಷ್ಟೇ ಅಲ್ಲ. 'ಪ್ರಥಮ್' ಸಂಸ್ಥೆ 2005ರಿಂದ 'ಅಸರ್' ಎಂಬ ಸಮೀಕ್ಷೆ ನಡೆಸುತ್ತಿದೆ. ಅಸರ್ ಎಂದರೆ ಪರಿಣಾಮ ಎಂದು ಉರ್ದು ಬಲ್ಲ ನಿಮಗೆ ಹೇಳಬೇಕಾಗಿಲ್ಲ. 2023ರಲ್ಲಿ ಅವರು 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು, ಅಂದರೆ ನಿಮ್ಮ ವಯಸ್ಸಿನವರನ್ನೇ, ಪರೀಕ್ಷಿಸಿದರು. ಅವರಲ್ಲಿ ಶೇ. 86.8ರಷ್ಟು ಜನ ಶಾಲೆ ಅಥವಾ ಕಾಲೇಜಿನಲ್ಲಿ ದಾಖಲಾಗಿದ್ದರು. ಆದರೂ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಆಗಲಿಲ್ಲ. ಇವರೆಲ್ಲ ದಡ್ಡರೇ? ಅಲ್ಲ. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಅಕ್ಷರದ ಹೊರೆ

ಕನ್ನಡ ಬರೆದಂತೆ ಓದುವ ಭಾಷೆ, ಆದ್ದರಿಂದ ಸುಲಭ ಎನ್ನುತ್ತೇವೆ. ಅದು ಅರ್ಧ ಸತ್ಯ. ವರ್ಣಮಾಲೆಯ 49 ಅಕ್ಷರಗಳು ಆರಂಭ ಮಾತ್ರ. 34 ವ್ಯಂಜನಗಳ ಕಾಗುಣಿತ ಬರೆದರೆ ನಾಲ್ಕುನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ. 'ಅಕ್ಕ' ಓದಿದ ಮಗುವಿಗೆ 'ರಾಷ್ಟ್ರ' ಎಂಬುದು ಬೇರೆಯೇ ಬೆಟ್ಟ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಅಕ್ಷರಗಳ ಮೇಲೆ ಹಿಡಿತ ಬರಲು ಇಂಗ್ಲಿಷ್ ವರ್ಣಮಾಲೆಗಿಂತ ಹೆಚ್ಚು ವರ್ಷ ಬೇಕಾಗುತ್ತದೆ ಎಂದು ತೋರಿಸಿದ್ದಾರೆ. ಅಂದರೆ ಮೂರು, ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಸುವ ಕೆಲಸ ಮುಗಿದಿರುವುದಿಲ್ಲ. ಆದರೆ ಆ ಹೊತ್ತಿಗೆ ಪುಸ್ತಕವು ಮಗುವಿಗೆ ಓದು ಬಂದಿದೆ ಎಂದು ತಿಳಿದು ಮುಂದೆ ಹೋಗಿರುತ್ತದೆ.

ಮನೆಯ ಮಾತು, ಪುಸ್ತಕದ ಮಾತು

ನನ್ನೂರು ಜುಗೂಳ. ಕೃಷ್ಣಾ ನದಿ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ. ನಮ್ಮ ಕಡೆ ಒಂದು ಮಗು ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತಾಡುತ್ತದೆ. ಇದು ನಮ್ಮ ಸಂಪತ್ತು. ಆದರೆ ಓಣಿಯಲ್ಲಿ "ಬರಾಕತ್ತಾನ" ಎಂದು ಕೇಳಿದ ಮಗುವಿಗೆ ಪುಸ್ತಕದಲ್ಲಿ "ಬರುತ್ತಿದ್ದಾನೆ" ಎಂದು ಸಿಗುತ್ತದೆ. ಅಕ್ಷರ ಕೂಡಿಸಿದರೂ ತನಗೆ ಗೊತ್ತಿರುವ ಶಬ್ದ ಹೊರಡುವುದಿಲ್ಲ. ಇದೂ ಅದೂ ಒಂದೇ ಎಂದು ಯಾರಾದರೂ ಹೇಳಿಕೊಡಬೇಕು. ಹೇಳದಿದ್ದರೆ ಓದು ಎಂದರೆ ಅರ್ಥವಿಲ್ಲದ ಸದ್ದು ಎಂದೇ ಮಗು ತಿಳಿಯುತ್ತದೆ.

ಕಳೆದುಹೋದ ದಿನಗಳು

2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ಊರು ಬಿಟ್ಟವರು ನಾವು. 2021ರ ಜುಲೈಯಲ್ಲಿ ಮತ್ತೆ ಬಂತು. ನಡುವೆ ಕೊರೊನಾ. ಮಾರ್ಚ್ 2020ರಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಮೂರನೇ ತರಗತಿಯಲ್ಲಿ ಮನೆಗೆ ಹೋದ ಮಗು ಐದನೇ ತರಗತಿಯ ಬೆಂಚಿನ ಮೇಲೆ ಬಂದು ಕುಳಿತಿತು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬರುವ ಮಕ್ಕಳಿಗಂತೂ ಪ್ರತಿ ಹಂಗಾಮೂ ಹೀಗೆಯೇ. ಕಾರ್ಖಾನೆ ಶುರುವಾದರೆ ಅವರ ಶಾಲೆ ನಿಂತಂತೆ.

ಪಾಸಾಗುವುದು ಹೇಗೆ?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಎಂಟನೇ ತರಗತಿ ಮುಗಿಯುವವರೆಗೆ ಯಾರನ್ನೂ ಅನುತ್ತೀರ್ಣಗೊಳಿಸಬಾರದು ಎಂದಿತು. 2019ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಎಲ್ಲದಕ್ಕೂ ಈ ಕಲಮೇ ಕಾರಣ ಎಂದು ಹಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದೇ ಕಾಯ್ದೆಯ 24ನೇ ಕಲಂ, ಶಿಕ್ಷಕರು ಪ್ರತಿಯೊಂದು ಮಗುವಿನ ಕಲಿಕೆಯನ್ನು ಅಳೆದು, ಬೇಕಾದವರಿಗೆ ಹೆಚ್ಚಿನ ಪಾಠ ಹೇಳಬೇಕು ಎಂದೂ ಹೇಳಿದೆ. ನಾವು ಮೊದಲನೆಯದನ್ನು ಹಿಡಿದೆವು, ಎರಡನೆಯದನ್ನು ಬಿಟ್ಟೆವು. ನಪಾಸು ಮಾಡಿದರೆ ಮಗು ಶಾಲೆ ಬಿಡುತ್ತದೆ. ಕಲಿಸದೆ ದಾಟಿಸಿದರೆ ಶಾಲೆಯಲ್ಲಿದ್ದೂ ಕಲಿಯುವುದಿಲ್ಲ.

ಓದಲು ಬಾರದ ಮಗು ಸುಮ್ಮನೆ ಕೂರುವುದೂ ಇಲ್ಲ. ಹಲಗೆಯ ಮೇಲಿನದನ್ನು ಚಿತ್ರದಂತೆ ಚೆಂದವಾಗಿ ನಕಲು ಮಾಡುತ್ತದೆ. ಗೈಡಿನ ಉತ್ತರವನ್ನು ಬಾಯಿಪಾಠ ಮಾಡುತ್ತದೆ. ನೋಟ್‌ಬುಕ್ ತುಂಬಿರುತ್ತದೆ, ಕೆಂಪು ಪೆನ್ನಿನ ಸಹಿಯೂ ಇರುತ್ತದೆ. ಪರೀಕ್ಷೆಯಲ್ಲಿ ಪಕ್ಕದವನೂ ನೆರವಾಗುತ್ತಾನೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ, ಕೃಪಾಂಕ ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಅಂಕಪಟ್ಟಿ ಏನನ್ನು ಮುಚ್ಚಿಟ್ಟಿತ್ತು ಎಂಬುದನ್ನು ಇದರಿಂದ ಊಹಿಸಬಹುದು.

ಮಕ್ತಬಿನಿಂದ ಒಂದು ಪಾಠ

ಇಷ್ಟೆಲ್ಲದರ ಕೆಳಗೆ ಒಂದು ಮೂಲ ಕಾರಣವಿದೆ: ಆ ಮಗು ಒಂಟಿಯಾಗಿ ಓದುವುದನ್ನು ಯಾರೂ ಕೂತು ಕೇಳಲಿಲ್ಲ. ನಿಮ್ಮಲ್ಲಿ ಹೆಚ್ಚಿನವರು ಮಕ್ತಬಿನಲ್ಲಿ ಖಾಯಿದಾ ಓದಿದವರು. ಅಲ್ಲಿ ಉಸ್ತಾದರು ಒಬ್ಬೊಬ್ಬರನ್ನೇ ಕರೆದು ಸಬಕ್ ಕೇಳುತ್ತಿದ್ದರು. ನಿನ್ನೆಯ ಸಬಕ್ ಒಪ್ಪಿಸದೆ ಇವತ್ತಿನದು ಸಿಗುತ್ತಿರಲಿಲ್ಲ. ಒಬ್ಬ ಎರಡನೇ ಪುಟದಲ್ಲಿದ್ದರೆ ಅವನ ವಯಸ್ಸಿನ ಇನ್ನೊಬ್ಬ ಹತ್ತನೆಯದರಲ್ಲಿ ಇರುತ್ತಿದ್ದ. ಶಾಲೆಯಲ್ಲಿ ಹಾಗಲ್ಲ, ಜೂನ್ ಬಂದರೆ ಎಲ್ಲರಿಗೂ ಹೊಸ ಪುಸ್ತಕ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಕಲಿಕಾ ಏಣಿಯಲ್ಲಿಯೂ ಮಗು ತನ್ನ ವೇಗದಲ್ಲೇ ಹತ್ತುತ್ತದೆ. ಆದರೆ ಮೂರನೇ ತರಗತಿಗೆ ಏಣಿ ಮುಗಿಯುತ್ತದೆ. ಹತ್ತದೆ ಉಳಿದವರು ಕೆಳಗೇ ಉಳಿಯುತ್ತಾರೆ. ದೊಡ್ಡ ಮಕ್ಕಳನ್ನು ತರಗತಿಯಂತೆ ಅಲ್ಲ, ಓದಿನ ಮಟ್ಟದಂತೆ ಗುಂಪು ಮಾಡಿ ಕಲಿಸುವ ಕ್ರಮವನ್ನು ಪ್ರಥಮ್ ರೂಪಿಸಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅದನ್ನು ಪರೀಕ್ಷಿಸಿ, ಹಿಂದುಳಿದ ಮಕ್ಕಳಿಗೆ ಇದರಿಂದ ಪ್ರಯೋಜನವಾಗುತ್ತದೆ ಎಂದು ಕಂಡುಕೊಂಡರು.

ನಾವೇನು ಮಾಡಬಹುದು?

ಇಂದು ಸಂಜೆ ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಳ್ಳಿ. ಅಸರ್ ಮಾಡುವಂತೆ ನಾಲ್ಕು ಮೆಟ್ಟಿಲು ಇಡಿ: ಬಿಡಿ ಅಕ್ಷರ, ಸರಳ ಪದ, ನಾಲ್ಕು ಸಾಲಿನ ಸುಲಭ ಪಾಠ, ಒಂದು ಚಿಕ್ಕ ಕಥೆ. ಬಾಯಿಪಾಠ ಬಂದಿರುವ ಪಾಠಪುಸ್ತಕ ಬೇಡ, ನೋಡದ ಪುಟ ಕೊಡಿ. ಎಲ್ಲಿ ನಿಲ್ಲುತ್ತಾರೋ ಅಲ್ಲಿಂದ ದಿನಕ್ಕೆ ಹದಿನೈದು ನಿಮಿಷ ಕಲಿಸಿ. ಬೈಯಬೇಡಿ, ನಗಬೇಡಿ. ತಿಂಗಳುಗಟ್ಟಲೆ ಕಲಿಸಿದರೂ ಅಕ್ಷರ ಕಲಸಿಹೋಗುತ್ತಿದ್ದರೆ ಕಣ್ಣು ತೋರಿಸಿ. ಕಣ್ಣು ಸರಿಯಿದ್ದರೆ ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನೂ ಒಪ್ಪಿಕೊಂಡಿದೆ.

ನಮ್ಮ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ: ಇತಿಹಾಸ, ಅರ್ಥಶಾಸ್ತ್ರದ ಉತ್ತರ ಬರೆಯದ ಹುಡುಗನಿಗೆ ವಿಷಯ ತಿಳಿದಿಲ್ಲವೋ, ಪ್ರಶ್ನೆ ಓದಲು ಬರಲಿಲ್ಲವೋ ಎಂದು ಒಮ್ಮೆ ಬಾಯಲ್ಲಿ ಕೇಳಿ ನೋಡಿ.

ಇನ್ನು ಈ ಲೇಖನವನ್ನು ಗೆಳೆಯನಿಂದ ಓದಿಸಿ ಕೇಳುತ್ತಿರುವವನೇ, ಮಾತು ನಿನ್ನೊಂದಿಗೆ. ನಿನಗೆ ಹದಿನೇಳು ವರ್ಷ. ಹೊಸ ಭಾಷೆ ಕಲಿಯಬೇಕಾಗಿಲ್ಲ, ಶಬ್ದಗಳೆಲ್ಲ ನಿನ್ನ ಬಾಯಲ್ಲೇ ಇವೆ. ಬೇಕಾಗಿರುವುದು ಕಾಗುಣಿತ ಮತ್ತು ಒತ್ತಕ್ಷರ, ಕೆಲವು ತಿಂಗಳ ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಗ್ರಂಥಾಲಯದಲ್ಲಿರುತ್ತೇನೆ. ಒಬ್ಬನೇ ಬಾ. ನೀನು ಓದು, ನಾನು ಕೇಳುತ್ತೇನೆ.