ಒಂದು ಹಲ್ಲಿನ ಬೆಲೆ

ಬ್ಯಾಡಗಿಯ ಖಾರದಪುಡಿ ಗಿರಣಿಗಳಲ್ಲಿ ಮೋಟಾರಿನಿಂದ ಯಂತ್ರಕ್ಕೆ ಓಡುವ ಚಪ್ಪಟೆ ಪಟ್ಟಿಯನ್ನು ವಾಚಕರು ನೋಡಿರಬಹುದು. ಮೆಣಸಿನಕಾಯಿಯ ಹೊರೆ ಒಮ್ಮೆಲೇ ಬಿದ್ದಾಗ ಆ ಪಟ್ಟಿಯು ಗಾಲಿಯ ಮೇಲೆ ಕೊಂಚ ಜಾರುತ್ತದೆ. ಅದರಿಂದ ದೊಡ್ಡ ಕೇಡೇನೂ ಇಲ್ಲ. ಪುಡಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಅದೇ ಬೀದಿಯಲ್ಲಿ ಹಾದುಹೋಗುವ ಹಳೆಯ ಮಾರುತಿ 800 ಕಾರಿನ ಎಂಜಿನ್ನಿಗೂ, ಮುಚ್ಚಳದ ಮರೆಯಲ್ಲಿ, ಒಂದು ರಬ್ಬರಿನ ಪಟ್ಟಿಯುಂಟು. ಅದು ಮಾತ್ರ ಎಳ್ಳಷ್ಟೂ ಜಾರಕೂಡದು. ಆದಕಾರಣವೇ ಅದರ ಒಳಮೈಗೆ ಹಲ್ಲುಗಳಿವೆ. ಇದನ್ನು ಗ್ಯಾರೇಜಿನವರು ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ನಾವು ಹಲ್ಲುಪಟ್ಟಿ ಎನ್ನೋಣ.

ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಕೆಲಸವನ್ನು ಉಕ್ಕಿನ ಸರಪಳಿಯು ಮಾಡುತ್ತಿತ್ತು. ರಬ್ಬರಿನ ಹಲ್ಲುಪಟ್ಟಿಯನ್ನು ಕಾರುಗಳಲ್ಲಿ ಮೊದಲು ಬಳಕೆಗೆ ತಂದ ಕೀರ್ತಿ 1962ರಲ್ಲಿ ಹೊರಬಂದ ಜರ್ಮನಿಯ ಗ್ಲಾಸ್ 1004 ಕಾರಿಗೆ ಸಲ್ಲುತ್ತದೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800, ನಮ್ಮ ಅನೇಕ ಮಧ್ಯಮ ವರ್ಗದ ಮನೆಗಳಿಗೆ ಈ ಪಟ್ಟಿಯನ್ನು ತಂದಿತು.

ಎರಡಕ್ಕೆ ಒಂದು

ಮಾರುತಿ 800ರ 796 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳಿವೆ. ಪ್ರತಿಯೊಂದರಲ್ಲಿಯೂ ಪಿಸ್ಟನ್ ನಾಲ್ಕು ಹೊಡೆತಗಳಲ್ಲಿ ತನ್ನ ಕೆಲಸವನ್ನು ಮುಗಿಸುತ್ತದೆ: ಇಂಧನದ ಮಿಶ್ರಣವನ್ನು ಒಳಗೆಳೆಯುವುದು, ಒತ್ತುವುದು, ಉರಿದ ಅನಿಲದಿಂದ ನೂಕಲ್ಪಡುವುದು, ಹೊಗೆಯನ್ನು ಹೊರದೂಡುವುದು. ಈ ನಾಲ್ಕು ಹೊಡೆತಗಳಿಗೆ ಕೆಳಗಿನ ಕ್ರ್ಯಾಂಕ್ ಷಾಫ್ಟ್ ಎರಡು ಸುತ್ತು ತಿರುಗಬೇಕು. ಆದರೆ ಅಷ್ಟರಲ್ಲಿ ಪ್ರತಿ ಕವಾಟವೂ ಒಮ್ಮೆ ಮಾತ್ರ ತೆರೆಯಬೇಕು. ಆದ್ದರಿಂದ ಕವಾಟಗಳನ್ನು ತೆರೆಯಿಸುವ ಮೇಲಿನ ಕ್ಯಾಮ್ ಷಾಫ್ಟ್ ಒಂದೇ ಸುತ್ತು ತಿರುಗಬೇಕು. ಮೇಲಿನ ಗಾಲಿಗೆ ಕೆಳಗಿನದರ ಎರಡರಷ್ಟು ಹಲ್ಲುಗಳನ್ನಿಟ್ಟರೆ ಈ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಲೆಕ್ಕದ ಸುಲಭಕ್ಕಾಗಿ ಕೆಳಗಿನ ಗಾಲಿಗೆ 20, ಮೇಲಿನದಕ್ಕೆ 40 ಹಲ್ಲುಗಳೆಂದು ಭಾವಿಸೋಣ. ಪಟ್ಟಿಯು ಒಂದೇ ಒಂದು ಹಲ್ಲು ತಪ್ಪಿ ಕುಳಿತರೆ ಕ್ರ್ಯಾಂಕ್ ಷಾಫ್ಟಿನ ಲೆಕ್ಕದಲ್ಲಿ 360/20, ಅಂದರೆ 18 ಡಿಗ್ರಿಗಳ ವ್ಯತ್ಯಾಸವಾಗುತ್ತದೆ. ಒಂದು ಹೊಡೆತಕ್ಕೆ 180 ಡಿಗ್ರಿ. ಅಂದಮೇಲೆ ಕವಾಟವು ಹೊಡೆತದ ಹತ್ತನೆಯ ಒಂದಂಶದಷ್ಟು ಮೊದಲೇ ಇಲ್ಲವೆ ತಡವಾಗಿ ತೆರೆಯಿತೆಂದಾಯಿತು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ ಸೆಕೆಂಡಿನ ಐವತ್ತನೆಯ ಒಂದಂಶ. 18 ಡಿಗ್ರಿಗಳಿಗೆ ಸೆಕೆಂಡಿನ ಸಾವಿರದ ಒಂದಂಶ. ಇಷ್ಟು ಸಣ್ಣ ಕಾಲವು ತಪ್ಪಿದರೆ ಎಂಜಿನ್ ಶಕ್ತಿಗುಂದುತ್ತದೆ, ಇಂಧನವನ್ನು ಹೆಚ್ಚು ಕುಡಿಯುತ್ತದೆ.

ಇನ್ನು ಪಟ್ಟಿಯೇ ಕಡಿದರೆ? ಕವಾಟಗಳು ಇದ್ದಲ್ಲಿಯೇ ನಿಲ್ಲುತ್ತವೆ, ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಕೆಲವು ಜಾತಿಯ ಎಂಜಿನ್ನುಗಳಲ್ಲಿ ತೆರೆದ ಕವಾಟವೂ ಮೇಲೇರುವ ಪಿಸ್ಟನ್ನೂ ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಜಾಗವನ್ನು ಬಳಸುತ್ತವೆ. ಅಂಥವುಗಳಲ್ಲಿ ಅವೆರಡೂ ಡಿಕ್ಕಿ ಹೊಡೆದು ಕವಾಟಗಳು ಬಾಗುತ್ತವೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ, ತುಂಬಿದ ಲಾರಿಗಳು ಬೆನ್ನಹಿಂದೆ ಬರುತ್ತಿರುವಾಗ, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಎಂಜಿನ್ ಹಠಾತ್ತನೆ ನಿಂತರೆ ಪ್ರಶ್ನೆಯು ಕವಾಟದ್ದು ಮಾತ್ರವಲ್ಲ, ಪ್ರಾಣದ್ದು.

ಪಟ್ಟಿಯ ಆಯುಷ್ಯ

ಹಲ್ಲುಪಟ್ಟಿಯ ಒಡಲು ಸಂಶ್ಲೇಷಿತ ರಬ್ಬರು. ಅದರೊಳಗೆ ಹಿಗ್ಗದಂತೆ ಹಿಡಿದಿಡುವ ಗಾಜಿನ ನಾರಿನ ಹುರಿಗಳು. ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ. ರಾಣೆಬೆನ್ನೂರಿನಿಂದ ಹಾವೇರಿಗೆ ಸುಮಾರು ಅರ್ಧ ಗಂಟೆಯ ಪ್ರಯಾಣ. ನಿಮಿಷಕ್ಕೆ 3000ದಂತೆ ಆ ಒಂದು ಪ್ರಯಾಣದಲ್ಲಿಯೇ ಕೆಳಗಿನ ಗಾಲಿಯು 90,000 ಸುತ್ತು ತಿರುಗುತ್ತದೆ, ಪ್ರತಿ ಕವಾಟವೂ 45,000 ಸಲ ತೆರೆದು ಮುಚ್ಚುತ್ತದೆ. ಓಡದೆ ನಿಂತ ಕಾರಿನಲ್ಲಿಯೂ ರಬ್ಬರಿಗೆ ಮುಪ್ಪು ತಪ್ಪಿದ್ದಲ್ಲ. ಆದ್ದರಿಂದ ತಯಾರಕರ ಕೈಪಿಡಿಯು ಹೇಳಿದ ಕಿಲೋಮೀಟರು, ವರ್ಷ ಇವೆರಡರಲ್ಲಿ ಯಾವುದು ಮೊದಲು ತುಂಬುವುದೋ ಆಗಲೇ ಪಟ್ಟಿಯನ್ನು ಬದಲಿಸತಕ್ಕದ್ದು. ಬಿರುಕು, ಸವೆದ ಹಲ್ಲು, ಎಣ್ಣೆಯ ಪಸೆ ಕಂಡರೆ ಅಷ್ಟು ದಿನವೂ ಕಾಯಬಾರದು.

ಬದಲಿಸುವ ಕ್ರಮ

ಎಂಜಿನ್ ತಣ್ಣಗಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ತೂರಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದರೆ ಒಳಗಿನ ಒತ್ತಡ ಹೋಗಿ ಎಂಜಿನ್ ಪಾನಾದಿಂದ ಹಗುರವಾಗಿ ತಿರುಗುತ್ತದೆ. ಹೊರಗಿನ ಬೆಲ್ಟು, ಕೆಳಗಾಲಿ, ಮುಚ್ಚಳ ಇವನ್ನು ತೆಗೆದಮೇಲೆ ಹಲ್ಲುಪಟ್ಟಿಯು ಕಾಣುತ್ತದೆ.

ಈಗ ಕ್ರ್ಯಾಂಕ್ ಷಾಫ್ಟನ್ನು ಅದು ಓಡುವ ದಿಕ್ಕಿನಲ್ಲಿಯೇ ತಿರುಗಿಸಿ, ಮೇಲಿನ ಮತ್ತು ಕೆಳಗಿನ ಗಾಲಿಗಳ ಗುರುತುಗಳನ್ನು ಎಂಜಿನ್ನಿನ ಮೇಲಿನ ಗುರುತುಗಳಿಗೆ ಸರಿಹೊಂದಿಸಬೇಕು. ಆಮೇಲೆ ಬಿಗಿಗಾಲಿಯ ಬೋಲ್ಟನ್ನು ಸಡಿಲಿಸಿ ಹಳೆಯ ಪಟ್ಟಿಯನ್ನು ತೆಗೆಯಬೇಕು. ಹೊಸ ಪಟ್ಟಿಯನ್ನು ಕೈಯಿಂದಲೇ ಏರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರಾಗಲಿ ಮಡಚಿದರಾಗಲಿ ಒಳಗಿನ ಗಾಜಿನ ನಾರು ಮುರಿಯುತ್ತದೆ. ಬಿಗಿಗಾಲಿಯಿರುವ ಪಕ್ಕಕ್ಕೆ ಎದುರಾದದ್ದು ಎಳೆಯುವ ಪಕ್ಕ. ಅಲ್ಲಿ ಪಟ್ಟಿಯು ಮೊದಲೇ ಬಿಗಿಯಾಗಿರಬೇಕು. ಸಡಿಲವೆಲ್ಲ ಬಿಗಿಗಾಲಿಯ ಪಕ್ಕಕ್ಕೆ ಬರಬೇಕು.

ನಮಗಾದ ತಪ್ಪು

ಈ ಕೊನೆಯ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ರಾಣೆಬೆನ್ನೂರಿನ ನಮ್ಮ ಅಂಗಳದಲ್ಲಿ ಎರಡು ದಶಕ ಕಂಡ ಕಾರಿನ ಪಟ್ಟಿಯನ್ನು ಬದಲಿಸುವಾಗ, ಪಿ.ಯು.ಸಿ. ಓದುತ್ತಿದ್ದ ಅಕ್ಕನ ಮಗ ಜೊತೆಗಿದ್ದನು. ಗುರುತುಗಳು ಕೂಡಿದ್ದನ್ನು ಕಂಡು, ಕೆಲಸ ಮುಗಿಯಿತೆಂದು ನಾನು ಮುಚ್ಚಳಕ್ಕೆ ಕೈಹಾಕಿದೆ. ಕೈಪಿಡಿಯನ್ನು ಹಿಡಿದಿದ್ದ ಹುಡುಗನು ಎರಡು ಸುತ್ತು ತಿರುಗಿಸಿ ನೋಡಬೇಕೆಂದು ಹಟ ಹಿಡಿದನು. ಒಂದು ಸುತ್ತಿಗೆ ಮೇಲಿನ ಗುರುತು ಎದುರು ದಿಕ್ಕಿಗೆ ಹೋಯಿತು. "ಮಾಮಾ, ಗುರುತು ಕೆಳಗ ಹೋತಲ್ಲ!" ಎಂದು ಅವನು ಗಾಬರಿಯಾದನು. ಅದು ಸಹಜವೇ, ಕ್ಯಾಮ್ ಷಾಫ್ಟ್ ಆಗ ಅರ್ಧ ಸುತ್ತು ಮಾತ್ರ ಮುಗಿಸಿರುತ್ತದೆ. ಎರಡನೆಯ ಸುತ್ತಿನ ಕೊನೆಗೆ ಕೆಳಗಿನ ಗುರುತು ಸರಿಯಾಗಿ ನಿಂತಿತು, ಮೇಲಿನದು ಮಾತ್ರ ಒಂದು ಹಲ್ಲಿನಷ್ಟು ಹಿಂದುಳಿಯಿತು.

ಕಾರಣ ಸರಳ. ನಾನು ಎಳೆಯುವ ಪಕ್ಕದಲ್ಲಿ ಸಡಿಲವನ್ನು ಬಿಟ್ಟಿದ್ದೆ. ಕೆಳಗಿನ ಗಾಲಿಯು ಮೊದಲು ಆ ಸಡಿಲವನ್ನು ನುಂಗಿ, ಅನಂತರ ಮೇಲಿನದನ್ನು ಎಳೆಯಿತು. ತರಗತಿಯಲ್ಲಿ ಕೋನ ವೇಗವನ್ನು ವರ್ಷವರ್ಷವೂ ಕಲಿಸುವವನು ಅಂಗಳದಲ್ಲಿ ಎಡವಿದ್ದನು! ಪಟ್ಟಿಯನ್ನು ತೆಗೆದು ಮತ್ತೆ ಕೂರಿಸಿದೆವು. ಎರಡು ಸುತ್ತಿನ ಬಳಿಕ ಗುರುತುಗಳೆರಡೂ ಕೂಡಿದವು. ಆಮೇಲೆಯೇ ಬಿಗಿಗಾಲಿಯ ಬೋಲ್ಟನ್ನು ಕೈಪಿಡಿಯ ಅಳತೆಗೆ ಬಿಗಿದು, ಮುಚ್ಚಳವನ್ನು ಹಾಕಿದೆವು.

ಪರೀಕ್ಷೆಯ ಈ ಎರಡು ಸುತ್ತುಗಳನ್ನು ಯಾವಾಗಲೂ ಕೈಯಿಂದಲೇ ತಿರುಗಿಸತಕ್ಕದ್ದು. ಒಳಗೆ ಏನಾದರೂ ತಡೆದರೆ ಕೈಗೆ ಕೂಡಲೇ ತಿಳಿಯುತ್ತದೆ, ನಿಲ್ಲಿಸಬಹುದು. ಸ್ಟಾರ್ಟರ್ ಮೋಟಾರಿಗೆ ಆ ವಿವೇಕವಿಲ್ಲ. ಕೈಪಿಡಿಯೂ ತಕ್ಕ ಪಾನಾಗಳೂ ಇಲ್ಲದವರು ಅನುಭವಿ ಮೆಕ್ಯಾನಿಕರ ಬಳಿ ನಿಂತು ಈ ಕೆಲಸವನ್ನು ನೋಡುವುದೇ ಲೇಸು.

ವಿದ್ಯಾರ್ಥಿಗಳಿಗೊಂದು ಲೆಕ್ಕ: ಕೆಳಗಿನ ಗಾಲಿಗೆ 24 ಹಲ್ಲುಗಳಿದ್ದರೆ, ನಿಮಿಷಕ್ಕೆ 4000 ಸುತ್ತುಗಳ ವೇಗದಲ್ಲಿ ಒಂದು ಹಲ್ಲಿನ ತಪ್ಪು ಎಷ್ಟು ಕಾಲಕ್ಕೆ ಸಮ? ಉತ್ತರವನ್ನು ಕಂಡುಕೊಂಡವರು ಮುಂದೆ ಗುರುತನ್ನು ಎರಡು ಸಲ ನೋಡದೆ ಮುಚ್ಚಳವನ್ನು ಹಾಕಲಾರರು.