ಬ್ಯಾಗಿನೊಳಗೊಂದು ಚೀಲ

ಮಕ್ಕಳೇ, ಮಳೆಗಾಲದಲ್ಲಿ ಕೊಡೆ ಹಿಡಿದು ಶಾಲೆಗೆ ಬಂದರೂ ನಿಮ್ಮ ಬ್ಯಾಗು ಒದ್ದೆಯಾಗುವುದನ್ನು ನೀವು ಗಮನಿಸಿದ್ದೀರಿ ಅಲ್ಲವೇ? ಕೊಡೆ ತಲೆಯನ್ನು ಕಾಯುತ್ತದೆ, ಬೆನ್ನನ್ನು ಕಾಯುವುದಿಲ್ಲ. ಕೊಡೆಯ ಅಂಚಿನಿಂದ ಇಳಿಯುವ ನೀರು ಸರಿಯಾಗಿ ಬ್ಯಾಗಿನ ಮೇಲೆಯೇ ಬೀಳುತ್ತದೆ. ತರಗತಿಗೆ ಬಂದು ನೋಡಿದರೆ ನೋಟ್ ಪುಸ್ತಕದ ಅಂಚು ಉಬ್ಬಿರುತ್ತದೆ, ಕಷ್ಟಪಟ್ಟು ಬರೆದ ಮನೆಗೆಲಸದ ಶಾಯಿ ಹರಡಿರುತ್ತದೆ. ಶಾಲೆಯಲ್ಲಾದರೆ ಪುಸ್ತಕವನ್ನು ಬೆಂಚಿನ ಮೇಲೆ ಹರಡಿ ಒಣಗಿಸಬಹುದು. ಬೆಟ್ಟದ ಮೇಲಾದರೆ?

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಕೊಡಚಾದ್ರಿ ಬೆಟ್ಟವಿದೆ. ಅದರ ಎತ್ತರ 1,343 ಮೀಟರ್. ತುದಿಯಲ್ಲಿ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲಿನ ಗುಡಿ ಇದೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮೋಡಗಳು ಈ ಬೆಟ್ಟಸಾಲಿಗೆ ತಾಗಿ ಮಳೆ ಸುರಿಸುತ್ತವೆ. ಒಮ್ಮೆ ದಸರಾ ರಜೆಯಲ್ಲಿ ನಾವು ಕೆಲವರು ಅಲ್ಲಿಗೆ ಚಾರಣ ಹೋಗಿದ್ದೆವು. ಮಳೆಗಾಲ ಮುಗಿಯಿತು ಎಂದು ನಾವು ತಿಳಿದಿದ್ದೆವು, ಮಳೆ ಹಾಗೆ ತಿಳಿದಿರಲಿಲ್ಲ! ಅರ್ಧ ದಾರಿಯಲ್ಲಿ ಹಿಡಿದ ಮಳೆ ತುದಿ ತಲುಪುವವರೆಗೂ ಬಿಡಲಿಲ್ಲ. ಮೇಲೆ ಗಾಳಿ ಬೇರೆ. ನಡುಗುತ್ತಾ ಬ್ಯಾಗು ಬಿಚ್ಚಿದರೆ, ಬದಲಿಸಲೆಂದು ತಂದಿದ್ದ ನನ್ನ ಅಂಗಿ, ಸ್ವೆಟರು ಎರಡೂ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ನೀರು ಒಳಗೆ ಹೋಗುವುದೇ ಇಲ್ಲ ಎಂದು ಅಂಗಡಿಯಲ್ಲಿ ಹೇಳಿ ಕೊಟ್ಟಿದ್ದ ಬ್ಯಾಗು ಅದು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಮಾತ್ರ ತಮ್ಮ ಹಳೆಯ ಬಟ್ಟೆಚೀಲದಿಂದ ಗರಿಗರಿಯಾದ ಒಣ ಪಂಚೆ ತೆಗೆದು ಉಟ್ಟುಕೊಂಡರು. ಅವರ ಚೀಲದೊಳಗೆ ಇನ್ನೊಂದು ಚೀಲವಿತ್ತು. ಅದು ಪ್ಲಾಸ್ಟಿಕ್ ಚೀಲ. ಇದ್ದ ಗುಟ್ಟು ಅಷ್ಟೇ.

ಒದ್ದೆ ಅಂಗಿ ಎಂದರೆ ಬರೀ ಕಿರಿಕಿರಿ ಎಂದುಕೊಳ್ಳಬೇಡಿ. ಸ್ವಲ್ಪ ಲೆಕ್ಕ ಮಾಡೋಣ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ನಿಮ್ಮ ಒದ್ದೆ ಅಂಗಿಯಲ್ಲಿ 200 ಗ್ರಾಂ ನೀರಿದೆ ಎಂದುಕೊಳ್ಳಿ. ಅದೆಲ್ಲ ಮೈಮೇಲೆಯೇ ಒಣಗಲು 1,16,000 ಕ್ಯಾಲೊರಿ ಬೇಕಾಯಿತು. ಸ್ವಲ್ಪ ಶಾಖವನ್ನು ಗಾಳಿ ಕೊಡುತ್ತದೆ, ಉಳಿದದ್ದನ್ನು ನಿಮ್ಮ ಮೈ ಕೊಡಬೇಕು. ಅಷ್ಟೂ ಶಾಖ ಮೈಯಿಂದಲೇ ಹೋದರೆ, 30 ಕಿಲೋಗ್ರಾಂ ತೂಕದ ಹುಡುಗನ ದೇಹ 4 ಡಿಗ್ರಿಗಿಂತಲೂ ಹೆಚ್ಚು ತಣ್ಣಗಾಗುವಷ್ಟಾಗುತ್ತದೆ. ನಿಜವಾಗಿ ಅಷ್ಟು ಇಳಿಯುವುದಿಲ್ಲ, ಏಕೆಂದರೆ ತಿಂದ ಆಹಾರದಿಂದ ದೇಹ ಹೊಸ ಶಾಖವನ್ನು ತಯಾರಿಸುತ್ತಲೇ ಇರುತ್ತದೆ. ನಡುಕ ಬರುವುದೂ ಅದಕ್ಕಾಗಿಯೇ. ಸ್ನಾಯುಗಳು ಅಲುಗಿದರೆ ಶಾಖ ಹುಟ್ಟುತ್ತದೆ. ಆದರೆ ಹಸಿದು ದಣಿದವರಲ್ಲಿ ಈ ತಯಾರಿಕೆ ಸಾಲದೆ ಹೋಗಬಹುದು. ಸಾಮಾನ್ಯವಾಗಿ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರುವ ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಇದಕ್ಕೆ ಹಿಮಾಲಯವೇ ಬೇಕಿಲ್ಲ. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಮಳೆ, ಗಾಳಿ ಸೇರಿದರೆ ನಮ್ಮ ಮಲೆನಾಡಿನ ಬೆಟ್ಟವೂ ಸಾಕು. ಆದ್ದರಿಂದ ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ ಇದ್ದೇ ಇರಬೇಕು.

ಹಾಗಾದರೆ ಬ್ಯಾಗಿನ ಬಟ್ಟೆ ನೀರನ್ನು ಒಳಗೆ ಬಿಡುವುದೇಕೆ? ದೀಪದ ಬತ್ತಿಯನ್ನು ನೆನಪಿಸಿಕೊಳ್ಳಿ. ಎಣ್ಣೆ ಕೆಳಗಿದ್ದರೂ ಬತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ತಾನೇ ಮೇಲೇರುತ್ತದೆ. ಇದಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಬ್ಯಾಗಿನ ದಾರ, ಹೆಗಲ ಪಟ್ಟಿಯ ಹೊಲಿಗೆ ಇವೆಲ್ಲವೂ ಇಂತಹ ಬತ್ತಿಗಳೇ. ಹೊಲಿಯುವಾಗ ಸೂಜಿ ಮಾಡಿದ ತೂತುಗಳು ಬೇರೆ ಇವೆ, ಜಿಪ್ಪಿನ ಹಲ್ಲುಗಳ ನಡುವೆ ಸಂದುಗಳೂ ಇವೆ. ಪಾಲಿಥೀನ್ ಹಾಳೆಯಲ್ಲಿ ಎಳೆಯೂ ಇಲ್ಲ, ಹೊಲಿಗೆಯೂ ಇಲ್ಲ. ಇಂಗಾಲ ಮತ್ತು ಜಲಜನಕದ ಪರಮಾಣುಗಳು ಸೇರಿ ಆದ ಉದ್ದನೆಯ ಸರಪಳಿಗಳು ಅದರಲ್ಲಿ ಒತ್ತಾಗಿ ಹೆಣೆದುಕೊಂಡಿರುತ್ತವೆ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಬೇರೇನನ್ನೋ ಮಾಡಲು ಹೋದಾಗ ಮೇಣದಂತಹ ಈ ಬಿಳಿ ವಸ್ತು ಆಕಸ್ಮಿಕವಾಗಿ ಸಿಕ್ಕಿತು. ನೀರಿಗೂ ಇದಕ್ಕೂ ಸ್ನೇಹವಿಲ್ಲ. ಪಾಲಿಥೀನ್ ಹಾಳೆಯ ಮೇಲೆ ಒಂದು ಹನಿ ನೀರು ಹಾಕಿ. ಅದು ಹರಡದೆ, ಕೆಸುವಿನ ಎಲೆಯ ಮೇಲಿನ ಹನಿಯನ್ನು ನೆನಪಿಸುವಂತೆ ಗುಂಡಗೆ ನಿಲ್ಲುತ್ತದೆ. ಹತ್ತಿಯ ಬಟ್ಟೆಯ ಮೇಲೆ ಹಾಕಿದರೆ ಏನಾಗುತ್ತದೆ? ನೀವೇ ನೋಡಿ.

ಪ್ಲಾಸ್ಟಿಕ್ಕನ್ನು ಬ್ಯಾಗಿನ ಹೊರಗೆ ಹೊದಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಮಲೆನಾಡಿನಲ್ಲಿ ಗದ್ದೆ ನೆಟ್ಟಿ ಮಾಡುವಾಗ ಗೊರಬು ಹಾಕಿಕೊಳ್ಳುತ್ತಿದ್ದರು. ಬಿದಿರು ಮತ್ತು ಎಲೆಗಳಿಂದ ಮಾಡಿದ ಗೊರಬು ಬಗ್ಗಿ ಕೆಲಸ ಮಾಡುವವರ ತಲೆಯನ್ನೂ ಬೆನ್ನನ್ನೂ ಚೆನ್ನಾಗಿ ಕಾಯುತ್ತದೆ. ಆದರೆ ಬ್ಯಾಗು ಹೊತ್ತು ನೆಟ್ಟಗೆ ನಡೆಯುವಾಗ ನೀರು ಕುತ್ತಿಗೆಯಿಂದ ಇಳಿದು, ಬೆನ್ನಿಗೂ ಬ್ಯಾಗಿಗೂ ನಡುವೆ ಹರಿಯುತ್ತದೆ. ಆ ಭಾಗಕ್ಕೆ ಹೊರಗಿನ ಹೊದಿಕೆ ಇರುವುದೇ ಇಲ್ಲ. ಜೊತೆಗೆ ಮುಳ್ಳು ತಾಗಿ ಹರಿಯುತ್ತದೆ, ಗಾಳಿಗೆ ಹಾರಿಯೂ ಹೋಗುತ್ತದೆ. ಒಳಗಿನ ಚೀಲಕ್ಕೆ ಈ ಯಾವ ಭಯವೂ ಇಲ್ಲ. ಬ್ಯಾಗಿನ ಬಟ್ಟೆಯೇ ಅದನ್ನು ಕಾಯುತ್ತದೆ.

ಇದಕ್ಕಾಗಿ ಅಂಗಡಿಗೆ ಹೋಗಿ ಹೊಸ ಚೀಲ ಕೇಳಬೇಡಿ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆದರೆ ಹೊಸ ಕಂಬಳಿ, ಹಾಸಿಗೆ ಕೊಂಡಾಗ ಬಂದ ದಪ್ಪ ಹಾಳೆಯ ಚೀಲ ಮನೆಯ ಅಟ್ಟದ ಮೇಲೆ ಇದ್ದೇ ಇರುತ್ತದೆ. ಅದನ್ನೇ ಹುಡುಕಿ ತನ್ನಿ. ತೆಳುವಾದದ್ದು ಒಂದು ಮೈಲಿಯೂ ಬಾಳುವುದಿಲ್ಲ. ಗೊಬ್ಬರದ ಅಥವಾ ಕೀಟನಾಶಕದ ಚೀಲ ಬೇಡ. ತೊಳೆದರೂ ಅದರಲ್ಲಿ ರಾಸಾಯನಿಕ ಉಳಿದಿರಬಹುದು. ಬೆಂಕಿಪೊಟ್ಟಣ, ಟಾರ್ಚಿನ ಸೆಲ್ಲು, ಇಂಬಳಕ್ಕೆಂದು ಒಯ್ಯುವ ಉಪ್ಪು ಇಂತಹ ಸಣ್ಣ ಸಾಮಾನುಗಳಿಗೆ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟೇ ಸಾಕು. ಅದು ಎಷ್ಟು ಗಟ್ಟಿ ಎಂದು ನಿಮಗೆ ಗೊತ್ತೇ ಇದೆ.

ಚೀಲ ತೂತಾಗಿದೆಯೇ ಎಂದು ತಿಳಿಯುವುದು ಹೇಗೆ? ಸೈಕಲ್ ಅಂಗಡಿಯವರು ಪಂಕ್ಚರ್ ಹುಡುಕುವ ರೀತಿಯಲ್ಲಿ! ಚೀಲದಲ್ಲಿ ಗಾಳಿ ತುಂಬಿಸಿ, ಬಾಯಿಯನ್ನು ಬಿಗಿಯಾಗಿ ಹಿಡಿದು, ಬಕೆಟ್ಟಿನ ನೀರಿನಲ್ಲಿ ಅದುಮಿ. ಗುಳ್ಳೆ ಬಂದ ಕಡೆ ತೂತಿದೆ. ತೂತಿಲ್ಲದ ಚೀಲವನ್ನು ಬ್ಯಾಗಿನ ತಳದವರೆಗೂ ಇಳಿಸಿ. ಅದರಲ್ಲಿ ಒಣ ಬಟ್ಟೆ, ಹೊದಿಕೆ ಇಡಿ. ಮೇಲಿನಿಂದ ಒತ್ತಿ ಗಾಳಿ ಹೊರಡಿಸಿ. ಬಾಯಿಯನ್ನು ಹಗ್ಗ ಹೊಸೆದಂತೆ ಹೊಸೆದು, ಮಡಚಿ, ದಾರದಿಂದ ಕಟ್ಟಿ. ಸುಮ್ಮನೆ ಗಂಟು ಹಾಕಿದರೆ ನೀರು ನುಸುಳುತ್ತದೆ, ಮಡಚಿ ಕಟ್ಟಿದರೆ ನುಸುಳುವುದಿಲ್ಲ. ಒಂದು ಎಚ್ಚರಿಕೆ: ಆಟಕ್ಕೂ ಇಂತಹ ಚೀಲವನ್ನು ಯಾರೂ ತಲೆಗೆ ಹಾಕಿಕೊಳ್ಳಬಾರದು. ತಮ್ಮ ತಂಗಿಯರ ಕೈಗೆ ಸಿಗದಂತೆ ಇಡಿ. ಉಸಿರು ಕಟ್ಟುತ್ತದೆ.

ಇಷ್ಟಾದರೆ ಗೆದ್ದಂತೆ ಎಂದುಕೊಂಡಿರಾ? ಈಗ ಬರುತ್ತದೆ ತೊಡಕು. ಬೆಟ್ಟದ ತುದಿಯಲ್ಲಿ ಒಣ ಬಟ್ಟೆ ಹಾಕಿಕೊಂಡಿರಿ. ಬಿಚ್ಚಿದ ಒದ್ದೆ ಅಂಗಿ, ಬೆವರಿನ ಕಾಲುಚೀಲ ಎಲ್ಲಿಡುತ್ತೀರಿ? ಹೆಚ್ಚಿನವರು ಅದೇ ಚೀಲಕ್ಕೆ ತುರುಕಿ ಬಿಗಿಯಾಗಿ ಕಟ್ಟುತ್ತಾರೆ. ಮರುದಿನ ಮನೆಯಲ್ಲಿ ಬಿಚ್ಚಿದಾಗ ಬರುವ ವಾಸನೆಗೆ ಅಮ್ಮ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಎಸೆಯುತ್ತಾರೆ. ನೀರನ್ನು ಒಳಗೆ ಬಿಡದ ಚೀಲ ನೀರನ್ನು ಹೊರಗೂ ಬಿಡುವುದಿಲ್ಲ. ಒಣಗಿದ್ದನ್ನು ಒಣಗಿಯೇ ಇಡುವ ಗುಣವೇ ಒದ್ದೆಯಾದದ್ದನ್ನು ಒದ್ದೆಯಾಗಿಯೇ ಇಡುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಬೆವರಿಗೆ ವಾಸನೆ ಇಲ್ಲ! ಆಗ ತಾನೇ ಹೊರಟ ಬೆವರು ಹೆಚ್ಚು ಕಡಿಮೆ ಉಪ್ಪುನೀರು. ವಾಸನೆ ಮಾಡುವವು ನಮ್ಮ ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಗಳು. ಬೆವರಿನಲ್ಲಿರುವ, ಉದುರಿದ ಚರ್ಮದ ಕಣಗಳಲ್ಲಿರುವ ವಸ್ತುಗಳನ್ನು ತಿಂದು ಅವು ಗಾಳಿಯಲ್ಲಿ ಹಾರುವ ಆಮ್ಲಗಳನ್ನು ಬಿಡುತ್ತವೆ. ಪಾದದ ವಾಸನೆಗೆ ಮುಖ್ಯ ಕಾರಣ ಐಸೋವ್ಯಾಲೆರಿಕ್ ಆಮ್ಲ. ಕೆಲವು ಬಗೆಯ ಗಿಣ್ಣಿನಲ್ಲಿಯೂ, ಅಂದರೆ ಚೀಸ್‌ನಲ್ಲಿಯೂ, ಇದೇ ಆಮ್ಲವಿದೆ. ಬೆಳೆಯುವ ವಯಸ್ಸಿನಲ್ಲಿ ಕಂಕುಳಿನ ಬೇರೊಂದು ಬಗೆಯ ಬೆವರುಗ್ರಂಥಿಗಳು ಕೆಲಸ ಆರಂಭಿಸುತ್ತವೆ. ಅವುಗಳ ಬೆವರಿನಲ್ಲಿ ಬ್ಯಾಕ್ಟೀರಿಯಗಳಿಗೆ ಇನ್ನೂ ಹೆಚ್ಚು ಊಟವಿರುತ್ತದೆ. ಆರನೆಯ, ಏಳನೆಯ ತರಗತಿಯ ಹೊತ್ತಿಗೆ ನಿಮ್ಮಲ್ಲಿ ಕೆಲವರಿಗೆ ಇದರ ಅನುಭವ ಆಗಿರಬಹುದು. ಇದು ಕಾಯಿಲೆಯಲ್ಲ. ಇದಕ್ಕಾಗಿ ಯಾರನ್ನೂ ಗೇಲಿ ಮಾಡಬಾರದು.

ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಮಾತ್ರ ಬೇರೆ. ಒಗೆದ ಬಟ್ಟೆಯೂ ಮಳೆಗಾಲದಲ್ಲಿ ಒಣಗದೆ ಮುಗ್ಗುತ್ತದಲ್ಲ, ಅದು. 2012ರಲ್ಲಿ ಜಪಾನಿನ ವಿಜ್ಞಾನಿಗಳು ಇದಕ್ಕೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದರು. ಅದರ ಹೆಸರು ಮೊರಾಕ್ಸೆಲ್ಲ ಆಸ್ಲೊಯೆನ್ಸಿಸ್. ಬ್ಯಾಕ್ಟೀರಿಯಗಳಿಗೆ ತೇವ, ಬೆಚ್ಚಗಿನ ಜಾಗ, ಊಟ ಮೂರೂ ಸಿಕ್ಕರೆ ಸಂಖ್ಯೆ ಬೇಗ ಬೇಗ ಇಮ್ಮಡಿಯಾಗುತ್ತದೆ. ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಮೂರೂ ಇವೆ. ಅವುಗಳಿಗೆ ನಾವೇ ಮನೆ ಕಟ್ಟಿಕೊಟ್ಟಂತಾಯಿತು.

ಬಟ್ಟೆಯ ಜಾತಿಯೂ ಮುಖ್ಯ. 2014ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದವರು ವ್ಯಾಯಾಮ ಮಾಡಿದವರ ಅಂಗಿಗಳನ್ನು ಹೋಲಿಸಿ ನೋಡಿದರು. ಹತ್ತಿಯ ಅಂಗಿಗಿಂತ ಪಾಲಿಯೆಸ್ಟರ್ ಅಂಗಿ ಹೆಚ್ಚು ನಾರುತ್ತಿತ್ತು. ಹಾಗೆಂದು ಬೆಟ್ಟಕ್ಕೆ ಹತ್ತಿಯೇ ಒಳ್ಳೆಯದು ಎನ್ನುವಂತಿಲ್ಲ. ಹತ್ತಿ ತುಂಬಾ ನೀರು ಹೀರುತ್ತದೆ, ಬೇಗ ಒಣಗುವುದಿಲ್ಲ. ನನ್ನನ್ನು ಕೇಳಿದರೆ ಸ್ವಲ್ಪ ವಾಸನೆಯಾದರೂ ಬೇಗ ಒಣಗುವ ಅಂಗಿ ನಡೆಯಲಿಕ್ಕೆ, ಉಣ್ಣೆಯ ಬಟ್ಟೆ ಕುಳಿತಾಗ ಹೊದೆಯಲಿಕ್ಕೆ. ಕುರಿಯ ಕಂಬಳಿ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಭಾರ ಮಾತ್ರ ಹೆಚ್ಚು.

ಈಗ ಒದ್ದೆ ಬಟ್ಟೆಗೆ ಬರೋಣ. ಅದು ಒಣ ಬಟ್ಟೆಯ ಚೀಲಕ್ಕೆ ಹೋಗಲೇಬಾರದು. ಮೊದಲು ಚೆನ್ನಾಗಿ ಹಿಂಡಿ. ಮಳೆ ನಿಂತಿದ್ದರೆ ಬ್ಯಾಗಿನ ಹೊರಗೆ ಕಟ್ಟಿಕೊಂಡು ನಡೆಯಿರಿ. ನಿಮ್ಮ ನಡಿಗೆಯ ಗಾಳಿಗೇ ಅದು ಅರ್ಧ ಒಣಗುತ್ತದೆ. ಮಳೆ ನಿಲ್ಲದಿದ್ದರೆ ಬೇರೊಂದು ಚೀಲದಲ್ಲಿ ಬಾಯಿ ಕಟ್ಟದೆ ಬ್ಯಾಗಿನ ಮೇಲ್ಭಾಗದಲ್ಲಿಡಿ. ರಾತ್ರಿ ತಂಗುವಲ್ಲಿ ಹೊರತೆಗೆದು ಹರಡಿ. ಬೂಟಿನೊಳಗೆ ಹಳೆಯ ದಿನಪತ್ರಿಕೆಯನ್ನು ಮುದ್ದೆ ಮಾಡಿ ತುಂಬಿ. ಕಾಗದ ತೇವ ಹೀರುತ್ತದೆ. ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗ್ಗೆ ಹೊತ್ತಿಗೆ ಬೂಟು ಹಾಕಿಕೊಳ್ಳುವ ಹಾಗಾಗುತ್ತದೆ. ಮನೆಗೆ ಬಂದ ಮೇಲೆ ಬೂಟಿನೊಳಗೆ ಅಡುಗೆ ಸೋಡ ಉದುರಿಸಿ ಒಂದು ರಾತ್ರಿ ಬಿಡಿ. ಪಾದದ ವಾಸನೆ ಆಮ್ಲದ್ದು ಎಂದೆವಲ್ಲ? ಅಡುಗೆ ಸೋಡ ಪ್ರತ್ಯಾಮ್ಲ. ಎರಡೂ ಸೇರಿ ಲವಣವಾಗುತ್ತವೆ. ಲವಣ ಗಾಳಿಯಲ್ಲಿ ಹಾರಿ ಮೂಗಿಗೆ ಬರುವುದಿಲ್ಲ. ಸುಗಂಧದ ಪೌಡರಾದರೆ ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತದೆ, ಅಷ್ಟೇ.

ಬುತ್ತಿಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿ ಹಿಡಿಯಬೇಡಿ. ಪ್ರವಾಸಿಗರು ಬರುವ ಕಡೆ ಮಂಗಗಳಿಗೆ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಅದರಲ್ಲಿ ತಿಂಡಿ ಇದೆ ಎಂದು ಅರ್ಥ. ಹರಿದ ಚೀಲವನ್ನೂ ಬೆಟ್ಟದಲ್ಲಿ ಬಿಸಾಡಬೇಡಿ. ಉಪ್ಪು, ಅನ್ನದ ವಾಸನೆಗೆ ದನಗಳೂ ಕಾಡುಪ್ರಾಣಿಗಳೂ ಅದನ್ನು ನುಂಗುತ್ತವೆ. ಹೊಟ್ಟೆಯಲ್ಲಿ ಅದು ಕರಗುವುದಿಲ್ಲ.

ಅನ್ನದ ವಾಸನೆ ಚೀಲದಿಂದ ಹೊರಗೆ ಬರುವುದು ಹೇಗೆ, ಪ್ಲಾಸ್ಟಿಕ್ ಏನನ್ನೂ ಬಿಡುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅವರಿಗೆ ಶಹಬ್ಬಾಸ್ ಹೇಳಬೇಕು. ಪಾಲಿಥೀನ್ ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಎಣ್ಣೆಯೊಂದಿಗೆ ಬೆರೆಯುವಂತಹ ವಾಸನೆಯ ಅಣುಗಳು ಅದರಲ್ಲಿ ನಿಧಾನವಾಗಿ ಕರಗಿ ಇನ್ನೊಂದು ಕಡೆಗೆ ದಾಟಬಲ್ಲವು. ಹಲಸಿನ ಹಣ್ಣನ್ನು ಎಷ್ಟು ಸುತ್ತಿ ಒಯ್ದರೂ ಬಸ್ಸಿನವರಿಗೆಲ್ಲ ತಿಳಿಯುವುದು ಇದರಿಂದಲೇ.

ಮಾಡಿ ನೋಡಿ

ಒಂದು ತುಂಡು ಕರ್ಪೂರವನ್ನು ತೂತಿಲ್ಲದ ಪಾಲಿಥೀನ್ ಚೀಲದಲ್ಲಿ, ಇನ್ನೊಂದನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಇಡಿ. ಎರಡನ್ನೂ ಬಿಗಿಯಾಗಿ ಮುಚ್ಚಿ, ಕೈ ತೊಳೆದುಕೊಳ್ಳಿ. ಮರುದಿನ ಮುಚ್ಚಳ ತೆಗೆಯದೆ ಹತ್ತಿರದಿಂದ ಮೂಸಿ ನೋಡಿ.

ಹಳೆಯ ಬನಿಯನ್ನಿನಿಂದ ಒಂದೇ ಅಳತೆಯ ಮೂರು ತುಂಡು ಕತ್ತರಿಸಿ. ಆಟದ ನಂತರ ಮೂರರಿಂದಲೂ ಬೆವರು ಒರೆಸಿಕೊಳ್ಳಿ. ನೀರಿನಲ್ಲಿ ಅದ್ದಿ ಹಿಂಡಿ. ಒಂದನ್ನು ಬಿಸಿಲಿಗೆ, ಒಂದನ್ನು ನೆರಳಿಗೆ ಹಾಕಿ, ಮೂರನೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಎರಡು ದಿನ ಕಳೆದ ಮೇಲೆ ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ಯಾವುದು ಯಾವುದೆಂದು ವಾಸನೆಯಿಂದಲೇ ಹೇಳಲು ತಿಳಿಸಿ. ಅವನ ಉತ್ತರವನ್ನು ಬರೆದಿಡಿ. ಆಮೇಲೆ ಅದೇ ತುಂಡುಗಳನ್ನು ಒಗೆದು, ಈ ಸಲ ಮೂರನೆಯದನ್ನು ಚೀಲದಲ್ಲಿಟ್ಟು ಬಾಯಿ ತೆರೆದೇ ಬಿಟ್ಟು ನೋಡಿ.