ರಾತ್ರಿಯೂಟ ಬಿಟ್ಟಿರಿ, ಮಾತ್ರೆ?

ಪ್ರಶ್ನೆ: ನನಗೆ 54 ವರ್ಷ, ತೂಕ 76 ಕೆ.ಜಿ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ಎರಡು ಹೊತ್ತು ತೆಗೆದುಕೊಳ್ಳುತ್ತೇನೆ. ಮಂಡಿನೋವಿಗೆ ತೂಕ ಇಳಿಸಿ ಎಂದರು. ಒಂದು ತಿಂಗಳಿಂದ ರಾತ್ರಿ ಊಟ ಬಿಟ್ಟು ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತೇನೆ. 3 ಕೆ.ಜಿ. ಇಳಿದಿದೆ. ಆದರೆ ನಸುಕಿನಲ್ಲಿ ಮೈ ಬೆವೆತು, ಕೈ ನಡುಗಿ ಎಚ್ಚರವಾಗುತ್ತದೆ. ಮುಟ್ಟು ನಿಂತ ಮೇಲೆ ಹೀಗೆಯೇ ಎನ್ನುತ್ತಾಳೆ ಅಕ್ಕ.
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಅಕ್ಕನ ಮಾತು ಈ ಸಲ ಬೇಡಮ್ಮ. ರಕ್ತದ ಸಕ್ಕರೆ ಕೆಳಗಿಳಿದಾಗ ಮೈ ಹೀಗೆಯೇ ಬೆವರುತ್ತದೆ. ಗ್ಲಿಮೆಪಿರೈಡ್ ಇನ್ಸುಲಿನ್ ಹೊರಡಿಸುವ ಮಾತ್ರೆ. ನೀವು ಉಂಡಿರೋ, ಉಪವಾಸವಿದ್ದೀರೋ ಅದಕ್ಕೆ ತಿಳಿಯದು, ತನ್ನ ಕೆಲಸ ತಾನು ಮಾಡಿಬಿಡುತ್ತದೆ. ಊಟ ಬಿಡಿ ಎಂದವರು ಮಾತ್ರೆಯ ವಿಷಯ ಕೇಳಿದರೇ? ಯಾರೂ ಕೇಳುವುದಿಲ್ಲ, ಅದೇ ನನ್ನ ಸಂಕಟ.

ಪಾರ್ಶ್ವವಾಯು ಎಂದು ಹೆದರಿ ಮನೆಯವರು ಹೊತ್ತು ತಂದ ಒಬ್ಬ ಹಿರಿಯರ ಸಕ್ಕರೆ 38 ಇತ್ತು. ಏಕಾದಶಿ ಉಪವಾಸ ಮಾಡಿದ್ದರು, ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. ಗ್ಲೂಕೋಸ್ ಏರಿಸಿದ ಮೇಲೆ ಎದ್ದು ಕೂತು ಕಾಫಿ ಕೇಳಿದರು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಇವತ್ತು ರಾತ್ರಿ ಹೊತ್ತಿಗೆ ಸರಿಯಾಗಿ ಉಣ್ಣಿ. ಬೆವರು ಬಂದರೆ ಮನೆಯ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸುಧಾರಿಸಿದ ಮೇಲೆ ಏನಾದರೂ ತಿನ್ನಿ. ಯಂತ್ರ ಇಲ್ಲದಿದ್ದರೆ ಕಾಯುತ್ತ ಕೂರಬೇಡಿ, ಮೊದಲು ಸಕ್ಕರೆ ನೀರು. ಮಾತ್ರೆಯನ್ನು ನೀವೇ ಕತ್ತರಿಸಬೇಡಿ. ನಾಳೆಯೇ ವೈದ್ಯರಿಗೆ ತೋರಿಸಿ, ಪ್ರಮಾಣ ಬದಲಿಸುವುದು ಅವರ ಕೆಲಸ. ಹಾಗೆಯೇ ಎಚ್‌ಬಿಎ1ಸಿ, ಕ್ರಿಯೇಟಿನಿನ್, ಮೂತ್ರದ ಆಲ್ಬುಮಿನ್ ಮಾಡಿಸಿ. ಕಿಡ್ನಿ ಸೋತಿದ್ದರೆ ಈ ಔಷಧಿ ಮೈಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಚಿಕ್ಕ ಮಾತಲ್ಲ ಅದು.

ಮಂಡಿಗೆ ತೂಕ ಇಳಿಯಲೇಬೇಕು, ಅದರಲ್ಲಿ ಜಗಳವಿಲ್ಲ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ. ವಾರಕ್ಕೆ ಅರ್ಧ ಕಿಲೋ ಸಾಕು.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ ಎಂದು ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ಎರಡೆರಡು ಮುದ್ದೆ ಉಣ್ಣುತ್ತೇನೆ. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ. ಮೂರು ತಿಂಗಳಾದರೂ ತೂಕವೂ ಇಳಿಯಲಿಲ್ಲ, ಸಕ್ಕರೆಯೂ ಇಳಿಯಲಿಲ್ಲ.
– ಓದುಗರು, ಮಂಡ್ಯ

ಉತ್ತರ: ಹೇಗೆ ಇಳಿಯಬೇಕು ಸ್ವಾಮಿ? ರಾಗಿಯಲ್ಲಿ ಸಕ್ಕರೆಯೇ ಇಲ್ಲ ಎಂದು ಯಾರು ಹಬ್ಬಿಸಿದರೋ, ಅವರನ್ನು ನಾನು ಹುಡುಕುತ್ತಿದ್ದೇನೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ. ಅಕ್ಕಿಯಲ್ಲಿ ಅದಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೆ. ಹೊಟ್ಟೆಯೊಳಗೆ ಪಿಷ್ಟವೆಲ್ಲ ಗ್ಲೂಕೋಸೇ ಆಗುತ್ತದೆ. ರಾಗಿಯನ್ನು ಬೈಯುತ್ತಿಲ್ಲ. ನಾರು ಇದೆ, ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು, ನಾನೂ ಮುದ್ದೆ ಉಂಡೇ ಬೆಳೆದವನು. ಆದರೆ ನಮ್ಮಪ್ಪ ಎರಡು ಮುದ್ದೆ ಉಂಡು ಗದ್ದೆಗಿಳಿಯುತ್ತಿದ್ದರು, ನಾವು ಉಂಡು ದಿವಾನದ ಮೇಲೆ ಒರಗುತ್ತೇವೆ.

ನಿಮ್ಮ ಮುಷ್ಟಿಗಿಂತ ದೊಡ್ಡದಲ್ಲದ ಒಂದು ಮುದ್ದೆ ಸಾಕು. ಉಳಿದ ಜಾಗ ಬಸ್ಸಾರಿಗೆ ಬಸಿದಿಟ್ಟ ಸೊಪ್ಪು-ಕಾಳಿನ ಪಲ್ಯಕ್ಕೆ. ಮನೆಯಲ್ಲಿ ಸಾರನ್ನೆಲ್ಲ ಸುರಿದುಕೊಂಡು ಪಲ್ಯವನ್ನು ಮೂಲೆಗೆ ತಳ್ಳುವವರೇ ಹೆಚ್ಚು. ಇನ್ನು ಜೇನುತುಪ್ಪ: ಅದೂ ಸಕ್ಕರೆಯೇ. ಕೊಬ್ಬು ಕರಗಿಸುವುದಿಲ್ಲ. ಇವತ್ತೇ ನಿಲ್ಲಿಸಿ. ಉಂಡು ಎರಡು ಗಂಟೆಯ ನಂತರದ ಸಕ್ಕರೆಯನ್ನು ಒಂದು ದಿನ ಒಂದು ಮುದ್ದೆಗೆ, ಇನ್ನೊಂದು ದಿನ ಎರಡು ಮುದ್ದೆಗೆ ನೋಡಿಕೊಳ್ಳಿ. ನನ್ನ ಮಾತು ನಂಬಬೇಕಾಗಿಯೇ ಇಲ್ಲ.

ಪ್ರಶ್ನೆ: 31 ವರ್ಷ. ಥೈರಾಯ್ಡ್ ಕಡಿಮೆ ಇದೆ, 50 ಮೈಕ್ರೋಗ್ರಾಂ ಮಾತ್ರೆ. ಮಾತ್ರೆ ಎರಡು ಮಾಡಿದರೆ ಬೇಗ ಸಣ್ಣಗಾಗಬಹುದಂತೆ, ಹೌದೇ?
– ಓದುಗರು, ಹಾಸನ

ಉತ್ತರ: ಆಗಬಹುದು, ಜೊತೆಗೆ ಎದೆಬಡಿತ ಹದ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಖಂಡಿತ ಬೇಡ. ಥೈರಾಯ್ಡ್ ಒಂದರಿಂದಲೇ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು-ನೀರು. ಉಳಿದದ್ದಕ್ಕೆ ಅದನ್ನು ದೂರಬೇಡಿ. ಮಾತ್ರೆ ನುಂಗಿದ ಮರುಕ್ಷಣವೇ ಕಾಫಿ ಕುಡಿಯುತ್ತೀರಾ? ಕನಿಷ್ಠ ಅರ್ಧ ಗಂಟೆ ಬಿಡಿ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಹೀಗೆ ಆರರಿಂದ ಎಂಟು ವಾರ ನಡೆಸಿ ಟಿಎಸ್‌ಎಚ್ ಮಾಡಿಸಿ. ಮದುವೆಯಾಗಿ ಮಗುವಿನ ಯೋಚನೆ ಇದ್ದರೆ ಈಗಲೇ ಮಾಡಿಸಿ.

ಪ್ರಶ್ನೆ: 47 ವರ್ಷ, ಸಕ್ಕರೆ ಕಾಯಿಲೆ ಇದೆ. ಯಾವ ಪಥ್ಯವೂ ಇಲ್ಲದೆ ಎರಡು ತಿಂಗಳಲ್ಲಿ 7 ಕೆ.ಜಿ. ಇಳಿದಿದ್ದೇನೆ. ಎಲ್ಲರೂ ಮೆಚ್ಚುತ್ತಿದ್ದಾರೆ. ಇದನ್ನು ಉಳಿಸಿಕೊಳ್ಳುವುದು ಹೇಗೆ?
– ಓದುಗರು, ಕಲಬುರಗಿ

ಉತ್ತರ: ನಾನು ಮೆಚ್ಚಲಾರೆ. ತಾನಾಗಿ ಇಳಿದ ತೂಕ ನನಗೆ ಭಯ ಹುಟ್ಟಿಸುತ್ತದೆ. ಸಕ್ಕರೆ ಮಿತಿಮೀರಿರಬಹುದು, ಥೈರಾಯ್ಡ್ ಹೆಚ್ಚಾಗಿರಬಹುದು, ಕ್ಷಯ ಇರಬಹುದು. ಸಕ್ಕರೆ ಕಾಯಿಲೆಯವರಿಗೆ ಕ್ಷಯ ಬರುವ ಸಂಭವ ಬೇರೆಯವರಿಗಿಂತ ಎರಡು ಮೂರು ಪಟ್ಟು. ಕೆಮ್ಮು, ಸಂಜೆ ಜ್ವರ ಇದೆಯೇ ಎಂದು ನೀವು ಬರೆದಿಲ್ಲ. ಸಕ್ಕರೆ, ಟಿಎಸ್‌ಎಚ್, ಎದೆಯ ಎಕ್ಸ್‌ರೇ ಮೂರೂ ಆಗಲಿ. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವ ಮೊದಲೇ ನೀವು ಹೋಗಿ ಬಂದಿದ್ದರೆ ನನಗೆ ಸಮಾಧಾನ.